ಡಿಮಾರ್ಟಿನ ರಿಯಾಯಿತಿ ಮತ್ತು ಕಿಲೋ ದರದ ಲೆಕ್ಕ

ರಿಯಾಯಿತಿ ದರದ ಸೂಪರ್‌ಮಾರ್ಕೆಟ್ಟುಗಳ ಬಿಲ್ಲಿನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಅಚ್ಚಾಗಿರುತ್ತದೆ. ಎಂಆರ್‌ಪಿಗೆ ಹೋಲಿಸಿದರೆ ಈ ದಿನ ನಿಮಗೆ ಇಷ್ಟು ರೂಪಾಯಿ ಉಳಿತಾಯವಾಗಿದೆ ಎಂದು ಅದು ಹೇಳುತ್ತದೆ. ಮನೆಯ ಲೆಕ್ಕ ಇಡುವವರು ಆ ಸಾಲನ್ನು ಪಕ್ಕಕ್ಕಿಟ್ಟು ಬಿಲ್ಲಿನ ಉಳಿದ ಭಾಗವನ್ನು ಓದಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ನಮೂದಾಗಿರುವ ಮೊತ್ತ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಮೊತ್ತದಲ್ಲಿ ನಿಜವಾಗಿ ಉಳಿದ ಹಣವೂ ಕೇವಲ ಕಾಗದದ ಮೇಲೆ ಉಳಿದ ಹಣವೂ ಬೆರೆತುಹೋಗಿರುತ್ತವೆ, ಮತ್ತು ಇವೆರಡನ್ನು ಬೇರ್ಪಡಿಸಿ ನೋಡದ ಹೊರತು ತಿಂಗಳ ದಿನಸಿ ಖರ್ಚು ಇಳಿಯುವುದಿಲ್ಲ.

ನಮ್ಮದು ಮೈಸೂರಿನಲ್ಲಿ ಅನ್ನ, ಮುದ್ದೆ, ಸಾರು, ಪಲ್ಯ ಉಣ್ಣುವ ಸಾಧಾರಣ ಸಂಸಾರ. ತಿಂಗಳ ಸಾಮಾನಿನ ದೊಡ್ಡ ಪಾಲು ಡಿಮಾರ್ಟಿನಿಂದ ಬರುತ್ತದೆ, ಸಣ್ಣ ಪಾಲು ನಮ್ಮ ಬೀದಿಯ ಶೆಟ್ಟರ ಅಂಗಡಿಯಿಂದ, ಸೊಪ್ಪು ತರಕಾರಿ ಮಾರುಕಟ್ಟೆಯಿಂದ. ಯಾವುದನ್ನು ಎಲ್ಲಿಂದ ತರಬೇಕೆಂಬ ಈ ವಿಂಗಡಣೆ ಅಭ್ಯಾಸಬಲದಿಂದ ಬಂದದ್ದಲ್ಲ, ಲೆಕ್ಕ ಹಾಕಿ ಮಾಡಿಕೊಂಡದ್ದು. ಆ ಲೆಕ್ಕವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಡಿಮಾರ್ಟಿಗೆ ಕಡಿಮೆ ಬೆಲೆ ಹೇಗೆ ಗಿಟ್ಟುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಷೇರುಪೇಟೆಯ ಹೂಡಿಕೆದಾರರಾಗಿ ಹೆಸರು ಮಾಡಿದ್ದ ರಾಧಾಕಿಶನ್ ದಮಾನಿ ಅವರು 2002ರಲ್ಲಿ ಮುಂಬೈನ ಪೊವಾಯ್‌ನಲ್ಲಿ ಡಿಮಾರ್ಟಿನ ಮೊದಲ ಅಂಗಡಿಯನ್ನು ತೆರೆದರು. ಅದನ್ನು ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್ ಕಂಪನಿ ತನ್ನ ಮಳಿಗೆಗಳ ಜಾಗವನ್ನು ಬಹುಮಟ್ಟಿಗೆ ತಾನೇ ಕೊಂಡುಕೊಳ್ಳುತ್ತದೆ ಅಥವಾ ದೀರ್ಘಾವಧಿಯ ಗುತ್ತಿಗೆಗೆ ಪಡೆಯುತ್ತದೆ. ಆದ್ದರಿಂದ ವರ್ಷದಿಂದ ವರ್ಷಕ್ಕೆ ಏರುವ ಬಾಡಿಗೆಯ ಹೊರೆ ಸಾಮಾನಿನ ಬೆಲೆಯ ಮೇಲೆ ಅಷ್ಟಾಗಿ ಬೀಳುವುದಿಲ್ಲ. ಸರಕು ಕೊಟ್ಟವರಿಗೆ ತಿಂಗಳುಗಟ್ಟಲೆ ಕಾಯಿಸದೆ ಬೇಗ ಹಣ ಪಾವತಿಸುವುದು ಅವರ ಇನ್ನೊಂದು ಪದ್ಧತಿ. ಹಾಗೆ ಬೇಗ ಹಣ ಸಿಗುವುದರಿಂದ ಕಂಪನಿಗಳು ಬೆಲೆಯಲ್ಲಿ ಇನ್ನಷ್ಟು ಬಿಟ್ಟುಕೊಡುತ್ತವೆ. ಒಂದೊಂದು ಬಗೆಯ ಸಾಮಾನಿನಲ್ಲಿಯೂ ಹೆಚ್ಚು ಖರ್ಚಾಗುವ ಕೆಲವನ್ನು ಮಾತ್ರ ಇಟ್ಟು, ಅಲಂಕಾರಕ್ಕೆ ದುಡ್ಡು ಸುರಿಯದೆ, ರಟ್ಟಿನ ಪೆಟ್ಟಿಗೆಗಳ ನಡುವೆಯೇ ಗಿರಾಕಿಗಳು ನಡೆದಾಡುವಂತೆ ಅಂಗಡಿ ಇಟ್ಟುಕೊಂಡಿರುವುದರ ಹಿಂದೆ ಇರುವುದೂ ಇದೇ ಲೆಕ್ಕ. ಈ ಕ್ರಮದಿಂದ ಬಂದ ಉಳಿತಾಯದಲ್ಲಿ ಒಂದು ಪಾಲು ನಿಜವಾಗಿಯೂ ಗಿರಾಕಿಗೆ ತಲುಪುತ್ತದೆ. ಅದರಲ್ಲಿ ನನಗೆ ಸಂಶಯವಿಲ್ಲ. ಆ ಪಾಲು ಯಾವ ಸಾಮಾನಿನಲ್ಲಿ ಎಷ್ಟಿದೆ ಎಂಬುದಷ್ಟೇ ಪ್ರಶ್ನೆ.

ಇಲ್ಲಿ ಎಂಆರ್‌ಪಿಯ ವಿಷಯ ಬರುತ್ತದೆ. ಪ್ಯಾಕೆಟ್ಟಿನ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಅಚ್ಚು ಹಾಕಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 1990ರಲ್ಲಿ. ಅದಕ್ಕೆ ಮೊದಲು ಸ್ಥಳೀಯ ತೆರಿಗೆ ಪ್ರತ್ಯೇಕ ಎಂದು ನಮೂದಿಸುತ್ತಿದ್ದುದರಿಂದ, ಆ ಹೆಸರಿನಲ್ಲಿ ಅಂಗಡಿಯವರು ತೋಚಿದಷ್ಟು ಸೇರಿಸಿ ವಸೂಲು ಮಾಡಲು ಅವಕಾಶವಿತ್ತು. ಗಿರಾಕಿಯ ರಕ್ಷಣೆಗೆಂದು ಬಂದ ಈ ನಿಯಮ ಒಂದು ಮಿತಿಯನ್ನಷ್ಟೇ ಹಾಕುತ್ತದೆ, ಅಂದರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎನ್ನುತ್ತದೆ. ಆ ಬೆಲೆಯನ್ನು ನಿಗದಿ ಮಾಡುವುದು ಸರ್ಕಾರವಲ್ಲ, ಸರಕನ್ನು ತಯಾರಿಸಿದವರು ಅಥವಾ ಪ್ಯಾಕ್ ಮಾಡಿದವರು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಟ್ರಾಲಿಯೊಳಗಿನ ಸಾಮಾನನ್ನು ನೋಡಿದರೆ ಅದು ತಾನಾಗಿಯೇ ಎರಡು ಪಾಲಾಗುತ್ತದೆ.

ಸೋಪು, ಟೂತ್‌ಪೇಸ್ಟು, ಬಟ್ಟೆ ಒಗೆಯುವ ಪುಡಿ, ಹೆಸರಾಂತ ಕಂಪನಿಯ ಕಾಫಿಪುಡಿ, ಬಿಸ್ಕತ್ತು ಇವೆಲ್ಲ ಮೊದಲನೆಯ ಪಾಲಿನವು. ಒಂದೇ ತೂಕದ ಅದೇ ಪ್ಯಾಕೆಟ್ಟಿಗೆ ಡಿಮಾರ್ಟಿನಲ್ಲಿಯೂ ಶೆಟ್ಟರ ಅಂಗಡಿಯಲ್ಲಿಯೂ ಎಂಆರ್‌ಪಿ ಒಂದೇ ಆಗಿರುತ್ತದೆ, ಏಕೆಂದರೆ ಅದನ್ನು ನಿಗದಿ ಮಾಡಿದ್ದು ಇವರಿಬ್ಬರೂ ಅಲ್ಲದ ಮೂರನೆಯವರು. ಆದ್ದರಿಂದ ಇಲ್ಲಿ ಕೊಡುವ ರಿಯಾಯಿತಿ ನಿಜವಾದ ರಿಯಾಯಿತಿ. ಶೆಟ್ಟರೇ ಒಮ್ಮೆ ನನ್ನ ಚೀಟಿಯನ್ನು ಓದುತ್ತ, “ಸೋಪು, ಪೇಸ್ಟು ಎಲ್ಲಾ ಅಲ್ಲೇ ತಗೊಳ್ಳಿ ಮೇಡಂ, ಅವರು ಮಾರೋ ರೇಟಿಗೆ ನನಗೆ ಏಜೆನ್ಸಿಯವರೇ ಕೊಡಲ್ಲ. ಬೇಳೆ ಮಾತ್ರ ನಮ್ಮದೊಂದು ಸಲ ನೋಡ್ಕೊಂಡು ಹೋಗಿ” ಎಂದು ಬಿಚ್ಚುಮನಸ್ಸಿನಿಂದ ಹೇಳಿದ್ದರು. ಇಡೀ ವಿಷಯದ ಸಾರ ಅವರ ಆ ಎರಡು ವಾಕ್ಯಗಳಲ್ಲಿದೆ.

ಬೇಳೆ, ಕಾಳು, ರವೆ, ಅವಲಕ್ಕಿ, ಸಕ್ಕರೆ, ಒಣಹಣ್ಣು, ಮಸಾಲೆ ಪದಾರ್ಥಗಳು ಎರಡನೆಯ ಪಾಲಿನವು. ಸೂಪರ್‌ಮಾರ್ಕೆಟ್ಟುಗಳು ಇವನ್ನು ಬಹಳ ಸಲ ತಮ್ಮದೇ ಹೆಸರಿನ ಪ್ಯಾಕೆಟ್ಟಿನಲ್ಲಿ ಮಾರುತ್ತವೆ. ಆಗ ಎಂಆರ್‌ಪಿಯನ್ನು ನಿಗದಿ ಮಾಡುವವರೂ ಅದರಲ್ಲಿ ಇಷ್ಟು ಕಡಿಮೆ ಎಂದು ಫಲಕ ಹಾಕುವವರೂ ಒಬ್ಬರೇ. ಒಂದು ಕಿಲೋ ಬೇಳೆಯ ಮೇಲೆ 220 ರೂಪಾಯಿ ಎಂದು ಅಚ್ಚು ಹಾಕಿ 165ಕ್ಕೆ ಮಾರಿದರೆ, ಬಿಲ್ಲಿನ ಲೆಕ್ಕದ ಪ್ರಕಾರ ನಿಮಗೆ 55 ರೂಪಾಯಿ ಉಳಿದಿದೆ. ಅದೇ ದರ್ಜೆಯ ಬೇಳೆ ಪಕ್ಕದ ಬೀದಿಯಲ್ಲಿ 160ಕ್ಕೆ ಸಿಗುತ್ತಿದ್ದರೆ ನೀವು ಕಳೆದುಕೊಂಡದ್ದು ಐದು ರೂಪಾಯಿ. ಇದು ಉದಾಹರಣೆಗೆಂದು ಕೊಟ್ಟ ಲೆಕ್ಕ, ಯಾವುದೇ ಅಂಗಡಿಯ ದರಪಟ್ಟಿಯಲ್ಲ. ಸ್ವಂತ ಹೆಸರಿನ ಪ್ಯಾಕೆಟ್ಟು ದುಬಾರಿಯೇ ಆಗಿರುತ್ತದೆ ಎಂದೂ ಇದರ ಅರ್ಥವಲ್ಲ. ಎಷ್ಟೋ ಸಲ ಅದೇ ಅಗ್ಗವಾಗಿರುತ್ತದೆ. ಆದರೆ ಹಾಗೆಂದು ತಿಳಿಯುವುದಕ್ಕೆ ಎಂಆರ್‌ಪಿ ನೆರವಾಗುವುದಿಲ್ಲ. ಕಿಲೋಗೆ ಎಷ್ಟು ಎಂಬ ದರವನ್ನು ಹೊರಗಿನ ದರದೊಡನೆ ಇಟ್ಟು ನೋಡುವುದೊಂದೇ ದಾರಿ.

ಬೇಳೆಯ ವಿಷಯದಲ್ಲಿ ದರದ ಜೊತೆಗೆ ದರ್ಜೆಯನ್ನೂ ನೋಡಬೇಕಾಗುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಬೇಗ ಬೇಯುತ್ತದೆ, ಸಾರಿಗೆ ಬೇರೆಯದೇ ರುಚಿ ಕೊಡುತ್ತದೆ ಎಂಬುದು ನಮ್ಮ ಮನೆಯವರೆಲ್ಲರೂ ಒಪ್ಪಿದ ಮಾತು. ಬಿಡಿಯಾಗಿ ಮಾರುವ ಬೇಳೆಯನ್ನು ಕೊಳ್ಳುವಾಗ ಒಂದು ಹಿಡಿಯನ್ನು ಅಂಗೈಯಲ್ಲಿ ಹರಡಿ ನೋಡಿದರೆ ಹಲವು ಸಂಗತಿಗಳು ತಿಳಿಯುತ್ತವೆ. ಕಾಳುಗಳ ಗಾತ್ರ ಒಂದೇ ಸಮನಾಗಿದೆಯೇ, ನುಚ್ಚು ಎಷ್ಟಿದೆ, ಸಿಪ್ಪೆ ಉಳಿದಿದೆಯೇ, ಹೊಳಪು ಸಹಜವಾದದ್ದೋ ಪಾಲಿಶ್ ಮಾಡಿದ್ದೋ, ಬೆರಳಿಗೆ ಹಳದಿ ಹಿಟ್ಟು ಅಂಟುತ್ತದೆಯೇ ಎಂದು ನೋಡಬೇಕು. ನುಚ್ಚು ಹೆಚ್ಚಿರುವ ಬೇಳೆ ಕಿಲೋಗೆ ಹತ್ತು ರೂಪಾಯಿ ಕಡಿಮೆಯಿದ್ದರೂ ತೊಳೆಯುವಾಗ ನೀರಿನೊಡನೆ ಹೋಗುವ ಪಾಲನ್ನು ಕಳೆದರೆ ಅದು ಅಗ್ಗವಲ್ಲ. ಡಿಮಾರ್ಟಿನಲ್ಲಿ ಬಿಡಿ ಧಾನ್ಯದ ವಿಭಾಗ ಇರುವ ಮಳಿಗೆಗಳಲ್ಲಿ ಹೀಗೆ ನೋಡಿ ಕೊಳ್ಳಲು ಅವಕಾಶವಿದೆ, ಮತ್ತು ನಾನು ಆ ವಿಭಾಗಕ್ಕೇ ಮೊದಲು ಹೋಗುತ್ತೇನೆ.

ಬಿಡಿ ಧಾನ್ಯಕ್ಕೆ ಇನ್ನೊಂದು ಅನುಕೂಲವಿದೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟು ಮುಂತಾದವು 25 ಕಿಲೋವರೆಗಿನ ಪೊಟ್ಟಣಗಳಲ್ಲಿದ್ದರೆ ಅವಕ್ಕೆ ಶೇಕಡ 5ರ ಜಿಎಸ್‌ಟಿ ಬಿತ್ತು. ಗಿರಾಕಿಯ ಎದುರಿನಲ್ಲಿ ತೂಗಿ ಕೊಡುವ ಬಿಡಿ ಸಾಮಾನಿಗೆ ಈ ತೆರಿಗೆ ಇಲ್ಲ. ಅಕ್ಕಿ ಅಂಗಡಿಗಳಲ್ಲಿ ಇದ್ದಕ್ಕಿದ್ದಂತೆ 26 ಕಿಲೋ ಚೀಲಗಳು ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ. 25 ಕಿಲೋ ದಾಟಿದ ಚೀಲ ತೆರಿಗೆಯ ವ್ಯಾಪ್ತಿಯಿಂದ ಹೊರಗುಳಿಯುತ್ತದೆ. ಮೂಲ ಬೆಲೆ ಒಂದೂವರೆ ಸಾವಿರ ರೂಪಾಯಿಯ ಚೀಲವಾದರೆ ಈ ಒಂದು ಕಿಲೋ ವ್ಯತ್ಯಾಸದಿಂದ ತೆರಿಗೆಯಲ್ಲಿ ಉಳಿಯುವುದು 75 ರೂಪಾಯಿ. ಆದ್ದರಿಂದ ಸೋನಾ ಮಸೂರಿ ಅಕ್ಕಿಯನ್ನು ಐದು ಅಥವಾ ಹತ್ತು ಕಿಲೋ ಪ್ಯಾಕೆಟ್ಟುಗಳಲ್ಲಿ ಕೊಳ್ಳುವುದಕ್ಕಿಂತ, ಇಡಲು ಜಾಗವಿರುವ ಮನೆಯವರು ಅಕ್ಕಿ ಮಂಡಿಯಿಂದ 26 ಕಿಲೋ ಚೀಲವನ್ನು ತರಿಸಿಕೊಳ್ಳುವುದೇ ಲಾಭ. ಅಕ್ಕಿ ಹಳೆಯದೋ ಹೊಸದೋ ಎಂದು ಕೇಳಿ ತಿಳಿಯುವುದಕ್ಕೂ ಅಲ್ಲಿ ಅವಕಾಶವಿರುತ್ತದೆ. ಹಳೆಯ ಅಕ್ಕಿ ಹೆಚ್ಚು ನೀರು ಹೀರಿ ಅರಳುವುದರಿಂದ ಅದೇ ಅಳತೆಗೆ ಅನ್ನ ಹೆಚ್ಚಾಗುತ್ತದೆ, ಮುದ್ದೆಗಟ್ಟುವುದಿಲ್ಲ. ಸೂಪರ್‌ಮಾರ್ಕೆಟ್ಟಿನ ಕೆಲಸಗಾರರನ್ನು ಈ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದು ಕಷ್ಟ.

ತೆರಿಗೆಯ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ ಮತ್ತು ತುಪ್ಪದ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ, ಸೋಪು, ಶಾಂಪೂ, ಟೂತ್‌ಪೇಸ್ಟು, ಬಿಸ್ಕತ್ತುಗಳ ಮೇಲಿನದು 18ರಿಂದ 5ಕ್ಕೆ ಇಳಿದಿದೆ. ಹಳೆಯ ಬೆಲೆಗಳನ್ನು ಬರೆದಿಟ್ಟುಕೊಂಡವರು ಆ ದಿನಾಂಕದ ನಂತರದ ಬೆಲೆಗಳನ್ನು ಹೊಸದಾಗಿ ಬರೆದುಕೊಳ್ಳಬೇಕು. ಇಲ್ಲದಿದ್ದರೆ ತೆರಿಗೆ ಇಳಿದದ್ದನ್ನೇ ಅಂಗಡಿಯ ರಿಯಾಯಿತಿ ಎಂದು ಭಾವಿಸುವ ಸಾಧ್ಯತೆಯಿದೆ.

ಇನ್ನು ಅಡುಗೆ ಎಣ್ಣೆ. ಗಿರಾಕಿ ಅತಿ ಹೆಚ್ಚು ಎಚ್ಚರದಿಂದ ನೋಡಬೇಕಾದ ಸಾಮಾನು ಇದು ಎಂದು ನಾನು ನಂಬಿದ್ದೇನೆ. ಸಾಲಿನಲ್ಲಿ ಜೋಡಿಸಿದ ಎರಡು ಪ್ಯಾಕೆಟ್ಟುಗಳನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳಿ. ಎರಡೂ ಒಂದೇ ಎತ್ತರ, ಒಂದೇ ಅಗಲ, ಎರಡರ ಮೇಲೂ ಸೂರ್ಯಕಾಂತಿ ಹೂವಿನ ಚಿತ್ರ. ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರೆ ಒಂದರಲ್ಲಿ ಒಂದು ಲೀಟರ್, 910 ಗ್ರಾಂ ಎಂದಿರುತ್ತದೆ. ಇನ್ನೊಂದರಲ್ಲಿ ಲೀಟರಿನ ಮಾತು ಇರದೆ 850 ಗ್ರಾಂ ಎಂದಷ್ಟೇ ಇರಬಹುದು. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ, ಸುಮಾರು 910 ಗ್ರಾಂ ತೂಗುತ್ತದೆ. ಮೊದಲನೆಯದಕ್ಕೆ 150 ರೂಪಾಯಿ, ಎರಡನೆಯದಕ್ಕೆ 144 ರೂಪಾಯಿ ಎಂದಿಟ್ಟುಕೊಳ್ಳಿ. ಎರಡನೆಯದು ಆರು ರೂಪಾಯಿ ಅಗ್ಗವೆಂದು ಯಾರಿಗಾದರೂ ತೋರುತ್ತದೆ. ಕಿಲೋ ಲೆಕ್ಕಕ್ಕೆ ತಂದರೆ ಮೊದಲನೆಯದು ಸುಮಾರು 165 ರೂಪಾಯಿ, ಎರಡನೆಯದು 169 ರೂಪಾಯಿಗೂ ತುಸು ಹೆಚ್ಚು. ತುಪ್ಪದಲ್ಲಿಯೂ ಹೀಗೆಯೇ ಲೀಟರಿನ ಡಬ್ಬಿಗೂ ಕಿಲೋ ಡಬ್ಬಿಗೂ ವ್ಯತ್ಯಾಸವಿರುತ್ತದೆ, ತುಪ್ಪ ದುಬಾರಿ ಪದಾರ್ಥವಾದ್ದರಿಂದ ಅಲ್ಲಿ ತಪ್ಪು ಲೆಕ್ಕಕ್ಕೆ ತೆರುವ ಬೆಲೆಯೂ ಹೆಚ್ಚು.

ಹಿಂದೆ ಬಿಸ್ಕತ್ತು, ಚಹಾಪುಡಿ, ಎಣ್ಣೆ, ಹಿಟ್ಟು ಮುಂತಾದ ಆಯ್ದ ಸಾಮಾನುಗಳನ್ನು ಇಂತಿಂಥ ತೂಕದ ಪೊಟ್ಟಣಗಳಲ್ಲಿ ಮಾರಬೇಕೆಂದು ಸೂಚಿಸುವ ಪಟ್ಟಿಯೊಂದು ತೂಕ ಅಳತೆಗೆ ಸಂಬಂಧಿಸಿದ ಕಾನೂನು ಮಾಪನಶಾಸ್ತ್ರದ ನಿಯಮಗಳಲ್ಲಿತ್ತು. ಆ ಪಟ್ಟಿಯನ್ನು ಈಗ ತೆಗೆದುಹಾಕಲಾಗಿದೆ. ಅದರ ಬದಲಿಗೆ ಗ್ರಾಂಗೆ ಅಥವಾ ಕಿಲೋಗೆ, ಮಿಲಿಲೀಟರಿಗೆ ಅಥವಾ ಲೀಟರಿಗೆ ಎಷ್ಟು ಬೀಳುತ್ತದೆ ಎಂಬ ಏಕಮಾನ ಬೆಲೆಯನ್ನು ಪ್ಯಾಕೆಟ್ಟಿನ ಮೇಲೆ ನಮೂದಿಸಬೇಕೆಂದು ನಿಯಮ ಮಾಡಲಾಗಿದೆ. ಇದು ಗಿರಾಕಿಗೆ ದೊಡ್ಡ ಉಪಕಾರ. ಎಂಆರ್‌ಪಿಯ ಹತ್ತಿರವೇ ಯುಎಸ್‌ಪಿ ಎಂಬ ಮೂರಕ್ಷರದ ಮುಂದೆ ಅದನ್ನು ಅಚ್ಚು ಹಾಕಿರುತ್ತಾರೆ. ಆದರೆ ಅದು ಎಂಆರ್‌ಪಿಯಿಂದ ಭಾಗಿಸಿದ ದರವೇ ಹೊರತು ಅಂಗಡಿ ಮಾರುವ ಬೆಲೆಯಿಂದ ಭಾಗಿಸಿದ್ದಲ್ಲ ಎಂಬುದನ್ನು ಗಮನಿಸಬೇಕು. ಎರಡು ಪ್ಯಾಕೆಟ್ಟುಗಳಿಗೆ ಬೇರೆ ಬೇರೆ ಪ್ರಮಾಣದ ರಿಯಾಯಿತಿ ಇದ್ದಾಗ ಅದನ್ನು ನೆಚ್ಚಿಕೊಳ್ಳಲಾಗದು, ಮೊಬೈಲಿನಲ್ಲಿ ಮಾರಾಟದ ಬೆಲೆಯನ್ನು ತೂಕದಿಂದ ಭಾಗಿಸಿ ನೋಡಬೇಕು. ಹಾಗೆ ನಿಂತು ಲೆಕ್ಕ ಹಾಕುವುದಕ್ಕೆ ಸಂಕೋಚಪಡುವವರನ್ನು ಕಂಡಿದ್ದೇನೆ. ನಮ್ಮ ದುಡಿಮೆಯ ಹಣಕ್ಕೆ ನಾವು ಲೆಕ್ಕ ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವೇ ಇಲ್ಲ.

ದೊಡ್ಡ ಪ್ಯಾಕೆಟ್ಟು ಎಂದರೆ ಅಗ್ಗ ಎಂಬ ನಂಬಿಕೆಯನ್ನೂ ಹೀಗೆ ಭಾಗಿಸಿಯೇ ಪರೀಕ್ಷಿಸಬೇಕು. ಬಟ್ಟೆ ಸೋಪು, ಪುಡಿ, ಪಾತ್ರೆ ತೊಳೆಯುವ ಬಾರು ಇವುಗಳಲ್ಲಿ ಅದು ಬಹುಮಟ್ಟಿಗೆ ಸರಿ. ಶಾಂಪೂವಿನಲ್ಲಿ ಅನೇಕ ವೇಳೆ ತಿರುಗುಮುರುಗು. ಒಂದು ರೂಪಾಯಿ, ಎರಡು ರೂಪಾಯಿಯ ಸ್ಯಾಶೆಗಳನ್ನು ಒಟ್ಟು ಮಾಡಿದರೆ ಅದೇ ಕಂಪನಿಯ ಬಾಟಲಿಗಿಂತ ಮಿಲಿಲೀಟರಿನ ದರ ಕಡಿಮೆ ಬೀಳುವುದುಂಟು. ಸಣ್ಣ ಪ್ಲಾಸ್ಟಿಕ್ ಚೂರುಗಳ ಕಸ ಹೆಚ್ಚುತ್ತದೆ ಎಂಬ ಕಾರಣಕ್ಕೆ ನಮ್ಮ ಮನೆಯಲ್ಲಿ ಬಾಟಲಿಯನ್ನೇ ತರುತ್ತೇವೆ. ಅದು ಉಳಿತಾಯದ ನಿರ್ಧಾರವಲ್ಲ, ತಿಳಿದೇ ಮಾಡುವ ಖರ್ಚು.

ಕಂಪನಿಯ ಲೆಕ್ಕಪತ್ರಗಳನ್ನು ನೋಡಿದರೆ ಡಿಮಾರ್ಟಿನ ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಆಹಾರ ಪದಾರ್ಥಗಳದ್ದು, ಕಾಲುಭಾಗದ ಆಸುಪಾಸು ಬಟ್ಟೆಬರೆ, ಪಾತ್ರೆ, ಪ್ಲಾಸ್ಟಿಕ್ ಸಾಮಾನು, ಹಾಸಿಗೆ ಹೊದಿಕೆ ಮುಂತಾದವುಗಳದ್ದು. ದಿನಸಿಗಿಂತ ಈ ಎರಡನೆಯ ಬಗೆಯ ಸಾಮಾನಿನಲ್ಲಿ ಲಾಭದ ಅಂಶ ಹೆಚ್ಚು. ಅಕ್ಕಿ ಬೇಳೆಗೆಂದು ಬಂದವರು ಒಂದು ಡಬ್ಬಿ, ಒಂದು ಟವಲು, ಮಗುವಿಗೊಂದು ಅಂಗಿ ಕೊಂಡರೆ ಅಂಗಡಿಯ ಲೆಕ್ಕ ಸರಿಹೋಗುತ್ತದೆ. ಅದು ಅವರ ವ್ಯಾಪಾರ, ಅದರಲ್ಲಿ ಮೋಸವೇನಿಲ್ಲ, ಸಾಮಾನೂ ಕೊಟ್ಟ ಬೆಲೆಗೆ ತಕ್ಕಂತೆಯೇ ಇರುತ್ತದೆ. ಆದರೆ ಬೇಳೆ ಎಣ್ಣೆಯಲ್ಲಿ ಲೆಕ್ಕ ಹಾಕಿ ಉಳಿಸಿದ ಇನ್ನೂರು ರೂಪಾಯಿ ಪಟ್ಟಿಯಲ್ಲಿಲ್ಲದ ಒಂದು ನೀರಿನ ಬಾಟಲಿಯಲ್ಲಿ ಮುಗಿದುಹೋಗುತ್ತದೆ. ನಮ್ಮ ಅತ್ತೆಯವರು ಮನೆಯಲ್ಲಿಯೇ ಡಬ್ಬಿಗಳನ್ನು ತೆರೆದು ನೋಡಿ ಚೀಟಿ ಬರೆಸುತ್ತಾರೆ. ಚೀಟಿಯಲ್ಲಿಲ್ಲದ ಸಾಮಾನು ಬೇಕೆನಿಸಿದರೆ ಅದನ್ನು ಮುಂದಿನ ತಿಂಗಳ ಚೀಟಿಗೆ ಬರೆಯಬಹುದು, ಈ ತಿಂಗಳು ಕೊಳ್ಳುವಂತಿಲ್ಲ ಎಂಬುದು ಅವರ ಕಟ್ಟುನಿಟ್ಟು. ಮುಂದಿನ ತಿಂಗಳು ಚೀಟಿ ಬರೆಯುವ ಹೊತ್ತಿಗೆ ಅಂಥ ಬಹಳಷ್ಟು ಸಾಮಾನುಗಳು ಬೇಡವಾಗಿರುತ್ತವೆ.

ಹೋಗುವ ಸಮಯವೂ ಖರ್ಚಿಗೆ ಸಂಬಂಧಿಸಿದ್ದೇ. ಸಂಬಳವಾದ ಮೊದಲ ಶನಿವಾರ, ಭಾನುವಾರ ಬಿಲ್ಲಿನ ಕೌಂಟರಿನ ಮುಂದೆ ಉದ್ದನೆಯ ಸಾಲು ಇರುತ್ತದೆ, ಆ ನೂಕುನುಗ್ಗಲಿನಲ್ಲಿ ಯಾರೂ ಎರಡು ಪ್ಯಾಕೆಟ್ಟುಗಳ ತೂಕ ಓದಿ ಹೋಲಿಸುವುದಿಲ್ಲ. ತಿಂಗಳ ನಡುವಿನ ಒಂದು ವಾರದ ದಿನ ಬೆಳಗ್ಗೆ ಹೋದರೆ ನಿಧಾನವಾಗಿ ನೋಡಬಹುದು, ಹಿಂದಿನ ಸಾಲಿನಿಂದ ಈಚೆಗೆ ತಯಾರಾದ ಪ್ಯಾಕೆಟ್ಟನ್ನು ಆರಿಸಬಹುದು. ಹೋಗಿಬರುವ ಆಟೋ ಬಾಡಿಗೆಯನ್ನೋ ಪೆಟ್ರೋಲನ್ನೋ ಆ ತಿಂಗಳ ದಿನಸಿ ಖರ್ಚಿಗೇ ಸೇರಿಸಿ ಬರೆಯಬೇಕು. ಮೂರು ನಾಲ್ಕು ಸಾಮಾನಿಗೆಂದು ವಾರವಾರವೂ ಹೋಗುವವರಿಗೆ ಬಾಡಿಗೆ ಕಳೆದರೆ ಏನೂ ಉಳಿಯುವುದಿಲ್ಲ.

ಶೆಟ್ಟರ ಅಂಗಡಿಯಲ್ಲಿ ನಾವು ಕೊಳ್ಳುವುದು ಸಣ್ಣ ಪ್ರಮಾಣದಲ್ಲಿ ಬೇಕಾಗುವ ಸಾಮಾನನ್ನು. ಐವತ್ತು ಗ್ರಾಂ ಗಸಗಸೆ, ಹತ್ತು ಗ್ರಾಂ ಏಲಕ್ಕಿ, ಹಬ್ಬಕ್ಕೆ ಬೇಕಾದ ಕಲ್ಲುಸಕ್ಕರೆ, ಕೊಬ್ಬರಿ ಬಟ್ಟಲು, ಉಂಡೆ ಬೆಲ್ಲ ಇವೆಲ್ಲ ಅಲ್ಲಿ ನಮಗೆ ಬೇಕಾದಷ್ಟೇ ಸಿಗುತ್ತವೆ. ಸೂಪರ್‌ಮಾರ್ಕೆಟ್ಟಿನಲ್ಲಿ ಕಿಲೋ ದರ ಕಡಿಮೆಯಿದ್ದರೂ ಅಗತ್ಯಕ್ಕಿಂತ ಮೂರು ಪಟ್ಟು ತಂದು, ಘಮ ಹೋದ ಮೇಲೆ ಎಸೆಯುವುದು ನಷ್ಟ. ತೊಗರಿಬೇಳೆಯ ದರವನ್ನು ಮೊದಲು ಅವರಲ್ಲಿ ವಿಚಾರಿಸಿ, ಎರಡು ಮೂರು ರೂಪಾಯಿಯ ವ್ಯತ್ಯಾಸವಿದ್ದರೂ ಅವರಲ್ಲಿಯೇ ಕೊಳ್ಳುತ್ತೇನೆ. ಮನೆಯಲ್ಲಿ ಕಾಯಿಲೆಯಾದಾಗ ಒಂದು ಫೋನಿಗೆ ಸಾಮಾನು ಕಳಿಸಿಕೊಟ್ಟು, ತಿಂಗಳ ಕೊನೆಗೆ ಕೊಡಿ ಎಂದು ಪುಸ್ತಕದಲ್ಲಿ ಬರೆದುಕೊಳ್ಳುವ ಅಂಗಡಿ ನಮ್ಮ ಬೀದಿಯಲ್ಲಿ ಇರಬೇಕು ಎಂಬುದು ನನ್ನ ಆಸೆ, ಅದಕ್ಕಾಗಿ ಈ ಎರಡು ಮೂರು ರೂಪಾಯಿಯನ್ನು ಸಂತೋಷದಿಂದ ಕೊಡುತ್ತೇನೆ. ಹಾಲು ಮೊಸರನ್ನು ನಂದಿನಿ ಬೂತಿನಿಂದಲೇ ತರುತ್ತೇವೆ. ಅದರ ದರ ಎಲ್ಲೆಡೆ ಒಂದೇ. ಸೊಪ್ಪು, ಬಾಳೆಹಣ್ಣಿಗೆ ದೇವರಾಜ ಮಾರುಕಟ್ಟೆಯ ಮುಂದೆ ಯಾವ ಸೂಪರ್‌ಮಾರ್ಕೆಟ್ಟೂ ನಿಲ್ಲದು. ರಾಗಿಯನ್ನು ಕಾಳಾಗಿಯೇ ಕೊಂಡು, ಕೇರಿ, ಒಣಗಿಸಿ, ಮಿಲ್ಲಿನಲ್ಲಿ ಹಿಟ್ಟು ಮಾಡಿಸುತ್ತೇವೆ. ಬೀಸುವ ಕೂಲಿ ಸೇರಿಸಿದರೂ ಹಿಟ್ಟಿನ ಪ್ಯಾಕೆಟ್ಟಿಗಿಂತ ನಮಗೆ ಕಡಿಮೆಯೇ ಬೀಳುತ್ತದೆ, ಮುದ್ದೆಯ ರುಚಿಯೂ ಬೇರೆ.

ಮೊತ್ತದಲ್ಲಿ ಕೊಂಡದ್ದು ಹಾಳಾಗದಂತೆ ಇಟ್ಟುಕೊಳ್ಳಲು ಬಾರದಿದ್ದರೆ ಇಲ್ಲಿಯವರೆಗಿನ ಲೆಕ್ಕವೆಲ್ಲ ವ್ಯರ್ಥ. ತೊಗರಿಬೇಳೆಯನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆಯನ್ನು ಅಂಗೈಗೆ ಸವರಿಕೊಂಡು ಬೇಳೆಯನ್ನು ತಿಕ್ಕಿ ಡಬ್ಬಿಗೆ ತುಂಬಿದರೆ ತಿಂಗಳುಗಟ್ಟಲೆ ಹುಳ ಬೀಳುವುದಿಲ್ಲ. ಬಳಸುವಾಗ ಎರಡು ಸಲ ಬಿಸಿನೀರಿನಲ್ಲಿ ತೊಳೆದರೆ ಎಣ್ಣೆಯ ವಾಸನೆ ಉಳಿಯದು. ರವೆಯನ್ನು ತಂದ ದಿನವೇ ಹದವಾಗಿ ಹುರಿದಿಡಬೇಕು. ಅಕ್ಕಿಗೆ ಒಣಗಿದ ಬೇವಿನ ಎಲೆ, ಕಾಳುಗಳಿಗೆ ನಾಲ್ಕು ಒಣಮೆಣಸಿನಕಾಯಿ ಸಾಕು. ಗೋಧಿ ಹಿಟ್ಟು, ಕಡಲೆಹಿಟ್ಟುಗಳನ್ನು ಮಾತ್ರ ಎಷ್ಟೇ ರಿಯಾಯಿತಿಯಿದ್ದರೂ ತಿಂಗಳಿಗಿಂತ ಹೆಚ್ಚಿಗೆ ಕೊಳ್ಳಬಾರದು, ಮಳೆಗಾಲದಲ್ಲಂತೂ ಅವು ಬಹಳ ಬೇಗ ಮುಗ್ಗಲು ಹಿಡಿಯುತ್ತವೆ.

ನಾನು ಇಟ್ಟುಕೊಂಡಿರುವ ದರದ ಪುಸ್ತಕ ಬಹಳ ಸರಳವಾದದ್ದು. ಒಂದೊಂದು ಸಾಮಾನಿಗೆ ಒಂದೊಂದು ಪುಟ, ಅದರಲ್ಲಿ ತಾರೀಖು, ಅಂಗಡಿ, ಕಿಲೋ ದರ ಎಂಬ ಮೂರು ಕಾಲಂ. ಎಂಆರ್‌ಪಿಯನ್ನು ಅದರಲ್ಲಿ ಬರೆಯುವುದೇ ಇಲ್ಲ. ಎಲ್ಲ ಸಾಮಾನನ್ನೂ ಬರೆಯುವ ಅಗತ್ಯವೂ ಇಲ್ಲ. ಅಕ್ಕಿ, ತೊಗರಿ, ಉದ್ದು, ಎಣ್ಣೆ, ಸಕ್ಕರೆ, ಕಾಫಿಪುಡಿ, ತುಪ್ಪ, ಬಟ್ಟೆ ಒಗೆಯುವ ಪುಡಿ ಇಷ್ಟನ್ನು ಹಿಡಿದಿಟ್ಟರೆ ದೊಡ್ಡ ಖರ್ಚುಗಳೆಲ್ಲ ಅದರಲ್ಲಿ ಬಂದವು. ಒಂದು ವರ್ಷ ಬರೆದರೆ ಪುಟಗಳಲ್ಲಿ ಕಾಲಮಾನವೂ ಕಾಣತೊಡಗುತ್ತದೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಹೊಸ ತೊಗರಿ ಮಾರುಕಟ್ಟೆಗೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಯೂ ಹುಣಸೆಹಣ್ಣೂ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಹೇರಳವಾಗಿ ಸಿಗುತ್ತವೆ. ಈ ಮೂರನ್ನೂ ನಾವು ವರ್ಷದ ಆ ಅವಧಿಯಲ್ಲಿಯೇ ಮಂಡಿಯಿಂದ ಮೊತ್ತವಾಗಿ ಕೊಂಡು, ಮೆಣಸಿನಕಾಯಿಯ ತೊಟ್ಟು ಮುರಿದು ಒಣಗಿಸಿ, ಹುಣಸೆಯ ಬೀಜ ಬಿಡಿಸಿ ಉಪ್ಪು ಹಾಕಿ ಭರಣಿಗೆ ತುಂಬಿಡುತ್ತೇವೆ. ಹೀಗಾಗಿ ಮಾರ್ಚಿನಿಂದ ಮುಂದೆ ಹಲವು ತಿಂಗಳು ನಮ್ಮ ಡಿಮಾರ್ಟಿನ ಚೀಟಿಯಲ್ಲಿ ಈ ಮೂರರ ಹೆಸರು ಇರುವುದಿಲ್ಲ.